ಕೂಲಿಯಿಲ್ಲದ ಭಾರ

ನನ್ನ ಮಗನಿಗೆ ಈಗ ಹದಿನೆಂಟು ವರ್ಷ. ಹೊಳಲ್ಕೆರೆಯಲ್ಲಿ ಪಿಯುಸಿ ಮುಗಿಸಿ ಚಿತ್ರದುರ್ಗದಲ್ಲಿ ಡಿಗ್ರಿಗೆ ಸೇರಿದ್ದಾನೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಜಿಮ್ಮಿನಲ್ಲಿರುತ್ತಾನೆ. ಮನೆಗೆ ಬಂದ ಮೇಲೂ ಕನ್ನಡಿಯ ಮುಂದೆ ನಿಂತು ತೋಳು ಮಡಚಿ ನೋಡಿಕೊಳ್ಳುತ್ತಾನೆ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾನೆ, ಹೋದ ತಿಂಗಳ ಫೋಟೋದ ಪಕ್ಕದಲ್ಲಿಟ್ಟು ಹೋಲಿಸುತ್ತಾನೆ. ನನ್ನ ಹೆಂಡತಿಗೆ ಇದು ನಗೆಯ ವಿಷಯ. ನನಗೆ ನಗು ಬರುವುದಿಲ್ಲ. ಯಾಕೆಂದರೆ ಆ ಕನ್ನಡಿಯ ಮುಂದೆ ಒಂದು ಕಾಲದಲ್ಲಿ ನಾನೂ ನಿಂತಿದ್ದೆ.

ಮೊನ್ನೆ ಇಶಾ ನಮಾಜು ಮುಗಿಸಿ ಬಂದು ಕೂತಿದ್ದಾಗ ಅವನು ಪಕ್ಕದಲ್ಲಿ ಬಂದು ಕೂತ. ಪ್ರೋಟೀನ್ ಪುಡಿಯ ಡಬ್ಬಿಗೆ ಮೂರು ಸಾವಿರ ರೂಪಾಯಿ ಬೇಕಿತ್ತು. ಅದನ್ನು ಕೇಳುವ ಮೊದಲು ಪೀಠಿಕೆಯಾಗಿ, "ಅಬ್ಬೂ, ನೀವೂ ಗರಡಿಗೆ ಹೋಗ್ತಿದ್ರಂತೆ, ಫುಪ್ಪು ಹೇಳಿದ್ರು. ಯಾಕೆ ಬಿಟ್ರಿ? ಈ ಕಥೆ ಬರೆಯೋ ಹುಚ್ಚು ಹತ್ತಿದ ಮೇಲೆ ಬಿಟ್ರಾ?" ಅಂದ. ಅವನ ಮಾತಿನಲ್ಲಿ ಸ್ವಲ್ಪ ಕನಿಕರವಿತ್ತು. ಪುಸ್ತಕ ಹಿಡಿದವನ ಕೈಯಿಂದ ಕಬ್ಬಿಣ ಜಾರಿಹೋಗುತ್ತದೆ, ಕಬ್ಬಿಣ ಹಿಡಿದವನಿಗೆ ಪುಸ್ತಕ ಬೇಕಾಗುವುದಿಲ್ಲ, ಗಂಡಸಾದವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬುದು ಅವನ ನಂಬಿಕೆ. ಹಾಗೆ ನಂಬುವವನು ಅವನೊಬ್ಬನೇ ಅಲ್ಲ. ಈ ಲೇಖನ ಓದುತ್ತಿರುವವರ ಮನೆಯಲ್ಲೂ ಓದುವ ಹುಡುಗನಿಗೆ 'ನಿನ್ನ ಕೈಯಲ್ಲಿ ಬಿಂದಿಗೆ ನೀರು ಎತ್ತೋಕಾಗಲ್ಲ' ಎಂದೂ, ಜಿಮ್ಮಿಗೆ ಹೋಗುವ ಹುಡುಗನಿಗೆ 'ಮೈ ಬೆಳೆದಷ್ಟು ತಲೆ ಬೆಳೀಲಿಲ್ಲ' ಎಂದೂ ಹೇಳಿರುತ್ತೀರಿ. ಆ ರಾತ್ರಿ ಅವನಿಗೆ ನಾನು ಉತ್ತರ ಕೊಡಲಿಲ್ಲ. ಕೊಡಬೇಕಾದರೆ ಒಂದು ಹಳೆಯ ತಪ್ಪನ್ನೂ ಹೇಳಬೇಕಾಗಿತ್ತು.

ನಮ್ಮ ಮೂಲ ಬಿ.ದುರ್ಗ ಹೋಬಳಿಯ ಒಂದು ಹಳ್ಳಿ. ಮಳೆ ಕೈಕೊಟ್ಟ ಒಂದು ವರ್ಷ ಅಬ್ಬಾ ಊರು ಬಿಟ್ಟು ಚಿತ್ರದುರ್ಗಕ್ಕೆ ಬಂದು ಮಂಡಿಯಲ್ಲಿ ಹಮಾಲಿಗೆ ಸೇರಿಕೊಂಡರು. ತಲೆಯ ಮೇಲೆ ಸಿಂಬೆ, ಬೆನ್ನ ಮೇಲೆ ಮಡಚಿದ ಗೋಣಿಚೀಲ, ಕೈಯಲ್ಲಿ ಕಬ್ಬಿಣದ ಕೊಕ್ಕೆ. ಕಡಲೆಕಾಯಿ, ಮೆಕ್ಕೆಜೋಳ, ಈರುಳ್ಳಿ, ಯಾವ ಕಾಲಕ್ಕೆ ಯಾವ ಮಾಲು ಬಂದರೆ ಅದು. ಆಗ ಕ್ವಿಂಟಲ್ ತೂಕದ ಚೀಲಗಳೂ ಇರುತ್ತಿದ್ದವು. ಒಬ್ಬ ಕೆಲಸಗಾರ ಮೇಲಿಂದ ಮೇಲೆ ಹೊರುವ ಹೊರೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು ಎಂಬುದನ್ನು ನಾನು ಎಷ್ಟೋ ವರ್ಷಗಳ ನಂತರ ಓದಿದೆ. ಆ ಶಿಫಾರಸು ನಮ್ಮ ಮಂಡಿಯ ಗೇಟು ದಾಟಿ ಒಳಗೆ ಬಂದಿರಲಿಲ್ಲ. ಅಬ್ಬಾನಿಗೆ ಓದು ಬರುತ್ತಿರಲಿಲ್ಲ. ಸಂಜೆ ಕೈಕಾಲು ತೊಳೆದುಕೊಂಡು ಕೂತರೆ, ಚಹಾದಂಗಡಿಯಿಂದ ತಂದ ಹಿಂದಿನ ದಿನದ 'ಸಾಲಾರ್' ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಓದಿಸುತ್ತಿದ್ದರು. ನಾನು ತಪ್ಪು ಓದಿದರೆ ಅವರಿಗೆ ತಿಳಿಯುತ್ತಿರಲಿಲ್ಲ, ಆದರೆ ನಾನು ಸಾಲು ಹಾರಿಸಿದರೆ ಮಾತ್ರ ಹೇಗೋ ತಿಳಿಯುತ್ತಿತ್ತು. ನನ್ನ ಓದು ಶುರುವಾದದ್ದು ಹೀಗೆ, ಹೊರೆ ಹೊತ್ತು ದಣಿದ ಮನುಷ್ಯನೊಬ್ಬನಿಗಾಗಿ. ಇದನ್ನು ನಾನು ಮಧ್ಯದಲ್ಲಿ ಮರೆತೆ.

ಏಳನೆಯ ತರಗತಿಯವರೆಗೆ ಉರ್ದು ಶಾಲೆ, ಎಂಟರಿಂದ ಕನ್ನಡ. ಚಿತ್ರದುರ್ಗದಲ್ಲಿ ಬೆಳೆದ ಹುಡುಗನಿಗೆ ಗಂಡಸುತನದ ಮಾದರಿಗಳಿಗೆ ಬರವಿಲ್ಲ. ತಲೆಯೆತ್ತಿದರೆ ಏಳು ಸುತ್ತಿನ ಕಲ್ಲಿನ ಕೋಟೆ, ಬಾಯಿ ತೆರೆದರೆ ಮದಕರಿ ನಾಯಕ. ಆದರೆ ಕನ್ನಡ ಹೈಸ್ಕೂಲಿಗೆ ಬಂದ ಸಾಬರ ಹುಡುಗನಿಗೆ ಆ ಮಾದರಿಗಳಲ್ಲಿ ಸಿಕ್ಕ ಪಾಲು ಸ್ವಲ್ಪ ಬೇರೆಯಾಗಿತ್ತು. ಶಾಲೆಯ ವಾರ್ಷಿಕೋತ್ಸವದ ಓಬವ್ವನ ನಾಟಕದಲ್ಲಿ ಮೂರು ವರ್ಷವೂ ನಾನು ಹೈದರಾಲಿಯ ಸೈನಿಕ. ರಟ್ಟಿನ ಕಿಂಡಿಯಿಂದ ತಲೆ ತೂರಿಸುವುದು, ಓಬವ್ವನ ಒನಕೆಯ ಏಟು ತಿಂದು ಬೀಳುವುದು, ಪರದೆ ಬೀಳುವವರೆಗೆ ಹೆಣವಾಗಿ ಮಲಗಿರುವುದು. ಮೇಷ್ಟರಿಗೆ ನನ್ನ ಮೇಲೆ ಪ್ರೀತಿಯೇ ಇತ್ತು, ಸಾಯುವುದನ್ನು ನೀನೇ ಚೆನ್ನಾಗಿ ಮಾಡುತ್ತೀಯ ಎಂದು ಬೆನ್ನು ತಟ್ಟುತ್ತಿದ್ದರು. ಇನ್ನು 'ನಾಗರಹಾವು'. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಆ ಸಿನಿಮಾ ನಮ್ಮೂರಿನವರಿಗೆ ಮನೆಯ ಕಥೆಯಿದ್ದಂತೆ. ಹುಡುಗರೆಲ್ಲ ರಾಮಾಚಾರಿಯಾಗುತ್ತಿದ್ದರು. ನನ್ನನ್ನು ಮಾತ್ರ ಅಂಬರೀಷ್ ಮಾಡಿದ ಪುಂಡನ ಪಾತ್ರದ ಹೆಸರಿನಿಂದ, ಜಲೀಲ ಎಂದು ಕರೆಯುತ್ತಿದ್ದರು. ನಾನಾದರೋ ಪುಂಡನೂ ಅಲ್ಲ, ಸೈನಿಕನೂ ಅಲ್ಲ. ಲೈಬ್ರರಿಯ ಮೂಲೆಯಲ್ಲಿ ಕೂರುತ್ತಿದ್ದ ನರಪೇತಲ ಹುಡುಗ.

ಇದಕ್ಕೆ ಸ್ವಲ್ಪ ಮೊದಲು 1992ರ ಡಿಸೆಂಬರ್ ಬಂದುಹೋಗಿತ್ತು. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ. ಆದರೂ ಕೆಲವು ರಾತ್ರಿ ದೀಪ ಆರಿಸಿ, ಬಾಗಿಲಿಗೆ ಅಬ್ಬಾನ ಕಬ್ಬಿಣದ ಟ್ರಂಕು ಅಡ್ಡವಿಟ್ಟು ಮಲಗಿದ್ದು ನೆನಪಿದೆ. ಏನೂ ಆಗದ ರಾತ್ರಿಗಳೂ ಹುಡುಗನೊಬ್ಬನ ಒಳಗೆ ಏನನ್ನೋ ಮಾಡಿಬಿಡುತ್ತವೆ. ನಂತರದ ವರ್ಷಗಳಲ್ಲಿ ನಮ್ಮ ಓಣಿಯ ಹುಡುಗರು ಒಬ್ಬೊಬ್ಬರಾಗಿ ಗರಡಿಗೆ, ಜಿಮ್ಮಿಗೆ ಹೋಗತೊಡಗಿದರು. ಪಕ್ಕದ ಓಣಿಯ ಹಿಂದೂ ಹುಡುಗರೂ ಹೋಗುತ್ತಿದ್ದರು. ಇಬ್ಬರೂ 'ಬಾಡಿ ಮಾಡೋದಕ್ಕೆ' ಎನ್ನುತ್ತಿದ್ದರು. ಪರಸ್ಪರರ ಭಯಕ್ಕಾಗಿ ಎಂದು ಯಾರೂ ಹೇಳಲಿಲ್ಲ. ಗಂಡು ಹುಡುಗರಿಗೆ ಭಯದ ಬಗ್ಗೆ ಮಾತಾಡುವ ಭಾಷೆಯನ್ನು ನಾವು ಕಲಿಸುವುದಿಲ್ಲ. ತೋಳಿನ ಸುತ್ತಳತೆಯ ಬಗ್ಗೆ ಮಾತಾಡಲು ಮಾತ್ರ ಅವಕಾಶವಿದೆ.

ಹದಿನಾರನೆಯ ವಯಸ್ಸಿನಲ್ಲಿ ನಾನೂ ಗರಡಿಗೆ ಸೇರಿದೆ. ತಗ್ಗಾದ ಬಾಗಿಲು, ತಲೆ ಬಗ್ಗಿಸದೆ ಒಳಗೆ ಹೋಗುವಂತಿರಲಿಲ್ಲ. ಒಳಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಅಖಾಡ. ಗೋಡೆಯ ಮೇಲೆ ಆಂಜನೇಯನ ಪಟ, ಅದರ ಪಕ್ಕದಲ್ಲಿ ಗಾಮಾ ಪೈಲ್ವಾನನ ಮಾಸಿದ ಚಿತ್ರ. ಹಿಂದೂಗಳೂ ಮುಸಲ್ಮಾನರೂ ಕಲಿಯುತ್ತಿದ್ದ ಆ ಗರಡಿಯ ಗುರುವನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ದಂಡೆ, ಬಸ್ಕಿ, ಗದೆ ತಿರುಗಿಸುವುದು, ಗುಂಡುಕಲ್ಲು ಎತ್ತುವುದು. ಒಂದು ಮೂಲೆಯಲ್ಲಿ ಯಾರೋ ತಂದಿಟ್ಟ ಕಬ್ಬಿಣದ ರಾಡು, ಬಿಲ್ಲೆಗಳು. ಮಣ್ಣಿನಲ್ಲಿ ಒಬ್ಬನ ಬೆನ್ನಿಗೆ ಇನ್ನೊಬ್ಬನ ಬೆವರು ಹತ್ತುತ್ತಿದ್ದುದರಿಂದ ಭಯ ತಾನಾಗಿ ಸ್ವಲ್ಪ ಕಡಿಮೆಯಾಗುತ್ತಿತ್ತು. ಉಸ್ತಾದರು ಗಾಮಾನ ಕಥೆ ಹೇಳುತ್ತಿದ್ದರು. 1910ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿನ ಘಟಾನುಘಟಿಗಳಿಗೆ ಸವಾಲು ಹಾಕಿದ್ದು, ಜ್ಬಿಸ್ಕೋ ಎಂಬ ದೈತ್ಯ ಅವನ ಎದುರು ಗಂಟೆಗಟ್ಟಲೆ ನೆಲ ಕಚ್ಚಿ ಮಲಗಿದ್ದು. ಆದರೆ ಅವರು ಕಥೆಯನ್ನು ಅಲ್ಲಿಗೆ ಮುಗಿಸುತ್ತಿರಲಿಲ್ಲ. ದೇಶ ಒಡೆದ 1947ರಲ್ಲಿ ಗಾಮಾ ಲಾಹೋರಿನ ತನ್ನ ಬೀದಿಯ ಹಿಂದೂ ಕುಟುಂಬಗಳಿಗೆ ಕಾವಲು ನಿಂತಿದ್ದನಂತೆ ಎಂದು ಹೇಳಿ, "ಅಷ್ಟು ವರ್ಷ ಉಂಡ ತುಪ್ಪ ಅವತ್ತು ಹಲಾಲ್ ಆಯ್ತು ನೋಡ್ರೋ" ಎನ್ನುತ್ತಿದ್ದರು. ನಮಗೆ ಲಂಡನ್ನಿನ ಕಥೆ ಮಾತ್ರ ಬೇಕಾಗಿತ್ತು.

ನಾನು ಗರಡಿಗೆ ಸೇರಿದ್ದು ತಿಳಿದಾಗ ಅಬ್ಬಾ ಬಹಳ ಹೊತ್ತು ನಕ್ಕರು. "ಮಜೂರಿ ನೈ ಸೋ ಬೋಜಾ ಕಾಯ್ಕು ಉಠಾತಾ ರೇ?" ಎಂದರು. ಕೂಲಿಯಿಲ್ಲದ ಭಾರವನ್ನು ಯಾಕೆ ಎತ್ತುತ್ತೀಯೋ? ದಿನವಿಡೀ ಎತ್ತಿ ಇಳಿಸುವ ಮನುಷ್ಯನಿಗೆ, ಎತ್ತಿದ್ದನ್ನು ಎತ್ತಿದ ಜಾಗದಲ್ಲೇ ಇಳಿಸಿ ಮನೆಗೆ ಬರುವುದು ಹುಚ್ಚಾಟದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಅವಮಾನವಾಯಿತು. ಅಬ್ಬಾನದು ಹೊಟ್ಟೆಪಾಡು, ನನ್ನದು ಸಾಧನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವರ ಪ್ರಶ್ನೆಗೆ ನಿಜವಾದ ಉತ್ತರ ನನಗೆ ಗೊತ್ತಿತ್ತು. ನಾನು ಎತ್ತುತ್ತಿದ್ದುದು ಇನ್ನೊಬ್ಬರು ನೋಡಲಿ ಎಂದು. ಆ ನೋಟವೇ ನನ್ನ ಕೂಲಿಯಾಗಿತ್ತು.

ಹಾಗೆಂದು ಕಬ್ಬಿಣವನ್ನು ಹಗುರವಾಗಿ ಕಾಣಲಾರೆ. ಅದು ನನಗೆ ಕಲಿಸಿದ್ದನ್ನು ಪುಸ್ತಕಗಳು ಕಲಿಸಲಿಲ್ಲ. ಅರ್ಧ ಓದಿದ ಪುಸ್ತಕವನ್ನು ಪೂರ್ತಿ ಓದಿದ್ದೇನೆಂದು ನಾಲ್ಕು ಜನರ ಮುಂದೆ ಹೇಳಬಹುದು, ಕೊನೆಗೆ ತಾನೂ ನಂಬಿಬಿಡಬಹುದು. ಅರವತ್ತು ಕಿಲೋ ತೂಕವನ್ನು ಹಾಗೆ ಎತ್ತಲಾಗುವುದಿಲ್ಲ. ಅದು ನೆಲ ಬಿಟ್ಟಿತು ಅಥವಾ ಬಿಡಲಿಲ್ಲ, ಅಷ್ಟೆ. ಅದಕ್ಕೆ ನಿಮ್ಮ ಜಾತಿ, ಧರ್ಮ, ಮಾತಿನ ಜಾಣತನ ಯಾವುದೂ ಬೇಡ. ಇವತ್ತು ಆಗದ್ದು ಮೂರು ತಿಂಗಳ ಮೇಲೆ ಆಗುತ್ತದೆ, ಅದೂ ದಿನಾ ಹೋದರೆ ಮಾತ್ರ. ಕಥೆ ಬರೆಯಲು ಕೂತಾಗ ಒಂದು ಪುಟವನ್ನು ಹತ್ತು ಸಲ ತಿದ್ದುವ ತಾಳ್ಮೆ ನನಗೆ ಬಂದದ್ದು ಗರಡಿಯಿಂದಲೇ. ಆದರೆ ಕಬ್ಬಿಣಕ್ಕೂ ಅದರದೇ ಆದ ಸುಳ್ಳಿದೆ. ಎತ್ತಬಲ್ಲವನು ಸರಿ ಎಂದು ಅದು ಕಿವಿಯಲ್ಲಿ ಹೇಳುತ್ತದೆ. ಪುಸ್ತಕದ ಸುಳ್ಳು ಇನ್ನೊಂದು ಬಗೆಯದು. ತಿಳಿದುಕೊಂಡವನು ಮಾಡಿದ ಹಾಗೆಯೇ ಎಂದು ಅದು ನಂಬಿಸುತ್ತದೆ. ಎರಡೂ ಇರಬೇಕೆಂದು ನಾನು ಹೇಳುವುದು ಮೈಗೂ ಬುದ್ಧಿಗೂ ಸಮಪಾಲು ವ್ಯಾಯಾಮ ಸಿಗಲಿ ಎಂದಲ್ಲ. ಒಂದರ ಸುಳ್ಳನ್ನು ಇನ್ನೊಂದು ಹಿಡಿಯಲಿ ಎಂದು.

ಕನ್ನಡದಲ್ಲಿ ಇದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. ಕೋಲಾರದ ಕೆ.ವಿ.ಅಯ್ಯರ್. ಬೆಂಗಳೂರಿನ ಜೆ.ಸಿ.ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿ, ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದವರು, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಹೇಳಿದವರು. ಗ್ರೀಕ್ ಪ್ರತಿಮೆಯಂತೆ ನಿಂತು ತೆಗೆಸಿಕೊಂಡ ಅವರ ಫೋಟೋಗಳು ಪ್ರಸಿದ್ಧ. ತನ್ನಂಥ ದೇಹಕ್ಕೆ ದೇವತೆಗಳೂ ಆಸೆಪಟ್ಟಾರು ಎಂಬರ್ಥದಲ್ಲಿ ಇಂಗ್ಲಿಷ್ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟು ಹೆಮ್ಮೆ ಅವರಿಗಿತ್ತು. ಅದೇ ಮನುಷ್ಯ ಟಿ.ಪಿ.ಕೈಲಾಸಂ ಅವರ ಆಪ್ತ ಒಡನಾಡಿ, 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳ ಕರ್ತೃ. 1980ರಲ್ಲಿ ಅವರು ತೀರಿಕೊಂಡರೂ ಆ ಎರಡು ಕಾದಂಬರಿಗಳನ್ನು ಜನ ಇಂದಿಗೂ ಓದುತ್ತಾರೆ. 'ರೂಪದರ್ಶಿ'ಯಲ್ಲಿ ಏಸುವಿನ ಚಿತ್ರಕ್ಕೆ ರೂಪದರ್ಶಿಯಾದವನೇ ವರ್ಷಗಳ ನಂತರ ಜೂದಾಸನ ಚಿತ್ರಕ್ಕೂ ರೂಪದರ್ಶಿಯಾಗುತ್ತಾನೆ. ದಿನಾ ಕನ್ನಡಿಯ ಮುಂದೆ ಶರೀರವನ್ನು ಕಡೆಯುತ್ತಿದ್ದ ವ್ಯಕ್ತಿ, ಬದುಕು ಒಂದು ಮುಖವನ್ನು ಹೇಗೆ ಕೆಡಿಸಿಬಿಡಬಲ್ಲದು ಎಂಬ ಕಥೆಯನ್ನು ಬರೆಯಲು ಕೂತದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕನ್ನಡಿ ಹೇಳದ ಮಾತೊಂದಿದೆ ಎಂದು ಅವರಿಗೆ ಗೊತ್ತಿತ್ತು. ಅದನ್ನು ಅವರು ಕಾದಂಬರಿಯಲ್ಲಿ ಹುಡುಕಿದರು.

ಎರಡೂ ಇದ್ದರೆ ಸಾಕು, ತಾನಾಗಿಯೇ ಸಮತೋಲ ಬರುತ್ತದೆ ಎಂದು ಇದರ ಅರ್ಥವಲ್ಲ. ಜಪಾನಿನ ಯುಕಿಯೋ ಮಿಷಿಮಾ ಜಗತ್ತೇ ಒಪ್ಪಿದ ಲೇಖಕ. ಬಾಲ್ಯದಲ್ಲಿ ಪೀಚಲು ದೇಹದವನು. 1955ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ ಭಾರ ಎತ್ತಲು ಶುರುಮಾಡಿ ಕೊನೆಯವರೆಗೂ ಬಿಡಲಿಲ್ಲ, ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ವಿದ್ಯೆಗೂ ತಾಕತ್ತಿಗೂ ಅವನಲ್ಲಿ ಕೊರತೆಯಿರಲಿಲ್ಲ. ಆದರೆ ಅವನಲ್ಲಿ ಪುಸ್ತಕವು ಕಬ್ಬಿಣದ ಸುಳ್ಳನ್ನು ಹಿಡಿಯಲಿಲ್ಲ, ಅದಕ್ಕೆ ಅಲಂಕಾರ ತೊಡಿಸಿತು. ಸುಂದರವಾದ ಶರೀರಕ್ಕೆ ತಕ್ಕುದಾದ ವೀರಮರಣ ಬೇಕೆಂಬ ಗೀಳಿಗೆ ಬಿದ್ದು, 1970ರ ನವೆಂಬರ್ 25ರಂದು ಟೋಕಿಯೋದ ಸೇನಾ ಕಚೇರಿಯೊಂದರಲ್ಲಿ ಸೈನಿಕರನ್ನು ದಂಗೆಗೆ ಕರೆದು, ಯಾರೂ ಓಗೊಡದಿದ್ದಾಗ ಹೊಟ್ಟೆ ಬಗೆದುಕೊಂಡು ಸತ್ತ. ಆಗ ಅವನಿಗೆ ನಲವತ್ತೈದು ವರ್ಷ. ಈಗ ನಾನು ಆ ವಯಸ್ಸನ್ನು ದಾಟುತ್ತಿದ್ದೇನೆ. ಈ ಇಬ್ಬರ ನಡುವಿನ ವ್ಯತ್ಯಾಸ ಏನು ಎಂದು ಬಹಳ ಸಲ ಯೋಚಿಸಿದ್ದೇನೆ. ಅಯ್ಯರ್ ದಿನಾ ಇನ್ನೊಬ್ಬರ ಮೈ ನೆಟ್ಟಗಾಗಲೆಂದು ಪಾಠ ಹೇಳುತ್ತಿದ್ದರು. ಮಿಷಿಮಾನ ದೇಹ ಮತ್ತು ಬರಹ ಎರಡೂ ಮಿಷಿಮಾನ ಕಡೆಗೇ ತಿರುಗಿದ್ದವು.

ಇನ್ನು ನನ್ನ ತಪ್ಪಿನ ವಿಷಯ. 2001ನೆಯ ಇಸವಿ. ನನಗೆ ಇಪ್ಪತ್ತೆರಡು. ನೂರು ಕಿಲೋ ನೆಲದಿಂದ ಎತ್ತುತ್ತಿದ್ದೆ. ಒಂದೆರಡು ಕಥೆಗಳು ಪತ್ರಿಕೆಯಲ್ಲಿ ಬಂದಿದ್ದವು. ಕಪಾಟಿನಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ', ಬಾನು ಮುಷ್ತಾಕ್ ಅವರ ಕಥೆಗಳು ಇದ್ದವು. ಮುಸ್ಲಿಂ ಹೆಣ್ಣುಮಕ್ಕಳ ಸಂಕಟದ ಬಗ್ಗೆ ಕಾಲೇಜಿನ ವೇದಿಕೆಯಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ನನ್ನ ತಂಗಿ ಪಿಯುಸಿ ಮುಗಿಸಿ, ದಾವಣಗೆರೆಗೆ ಹೋಗಿ ನರ್ಸಿಂಗ್ ಓದುತ್ತೇನೆ ಎಂದಳು. ನಾನು ಬೇಡವೆಂದೆ. ಹಾಸ್ಟೆಲ್ಲು, ರಾತ್ರಿ ಪಾಳಿ, ಗಂಡಸು ರೋಗಿಗಳು, ಓಣಿಯ ಜನ ಏನಂದಾರು. ಗೈರತ್ತು, ಇಜ್ಜತ್ತು ಎಂಬ ಮಾತುಗಳು ನನ್ನ ಬಾಯಿಂದ ಸಲೀಸಾಗಿ ಬಂದವು. ಅವಳು ಹೆದರಲಿಲ್ಲ. ಕಪಾಟಿನ ಕಡೆ ಕೈ ತೋರಿಸಿ, "ನೀನು ಓದೋ ಪುಸ್ತಕದಲ್ಲಿ ಇದೇ ಬರೆದಿದೆಯಾ ಭಾಯಿ?" ಎಂದಳು. ನಾನು ಕಪಾಳಕ್ಕೆ ಹೊಡೆದೆ. ಆರು ವರ್ಷ ಬೆಳೆಸಿದ ತೋಳಿನಿಂದ ಹೊಡೆದೆ. ಅವಳು ಗೋಡೆಗೆ ಹೋಗಿ ಬಡಿದಳು.

ಉಸ್ತಾದರ ಗರಡಿಯಲ್ಲಿ ಆರು ವರ್ಷ ಗಳಿಸಿದ ತಾಕತ್ತು ಮೊದಲ ಸಲ ಗರಡಿಯ ಹೊರಗೆ ಕೆಲಸ ಮಾಡಿದ್ದು ಹೀಗೆ, ನಲವತ್ತೈದು ಕಿಲೋ ತೂಕದ ಒಬ್ಬ ಹುಡುಗಿಯ ಮೇಲೆ. ಅದೇ ಗರಡಿಯ ಗೋಡೆಯಲ್ಲಿ ಹಿಂದಿನ ವರ್ಷದಿಂದ ಒಂದು ಪತ್ರಿಕೆಯ ಚಿತ್ರ ಅಂಟಿಸಿತ್ತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿಯ ಚಿತ್ರ. 2021ರಲ್ಲಿ ಟೋಕಿಯೋದಲ್ಲಿ ಬೆಳ್ಳಿ ತಂದವಳು ಮಣಿಪುರದ ಮೀರಾಬಾಯಿ ಚಾನು, ಚಿಕ್ಕವಳಿದ್ದಾಗ ಸೌದೆಯ ಹೊರೆ ಹೊತ್ತು ಬೆಳೆದವಳು. ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಭಾರತಕ್ಕೆ ಇದುವರೆಗೆ ಪದಕ ತಂದವರು ಇವರಿಬ್ಬರೇ. ನಮ್ಮ ಊರಿನ ಓಬವ್ವನನ್ನೇ ನೋಡಿ. ಅವಳು ಯಾವ ಗರಡಿಯಲ್ಲೂ ಕಲಿತವಳಲ್ಲ. ಅವಳ ಕೈಗೆ ಸಿಕ್ಕಿದ್ದು ದಿನಾ ಎತ್ತಿ ಕುಟ್ಟುವ ಒನಕೆ. ಮೂರು ವರ್ಷ ಆ ಒನಕೆಯ ಏಟು ತಿಂದು ರಂಗದ ಮೇಲೆ ಸತ್ತಿದ್ದ ನಾನು, ತಾಕತ್ತು ಗಂಡಸಿನ ಆಸ್ತಿಯೆಂದೇ ತಿಳಿದಿದ್ದೆ.

ಸಂಜೆ ಅಬ್ಬಾ ಬಂದರು. ತಂಗಿಯ ಕೆನ್ನೆ ನೋಡಿದರು. ಅವರು ಬೈಯಲಿಲ್ಲ. ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು, ನನ್ನ ಬಲಗೈ ಬಿಚ್ಚಿ, ರಾಡು ಹಿಡಿದು ಗಟ್ಟಿಯಾಗಿದ್ದ ಅಂಗೈ ಜಡ್ಡುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಈ ಕೈ ಇನ್ನೂ ಏನೂ ಹೊತ್ತಿಲ್ಲ" ಎಂದರು. ಮುಂದಿನ ವಾರ ಒಂದು ದಿನದ ಕೂಲಿ ಬಿಟ್ಟು ತಾವೇ ಅವಳನ್ನು ಕರೆದುಕೊಂಡು ದಾವಣಗೆರೆಗೆ ಹೋಗಿ ಸೇರಿಸಿ ಬಂದರು. ಓಣಿಯ ಜನ ಏನೋ ಅಂದರು. ಆಮೇಲೆ ಸುಮ್ಮನಾದರು. ಅಬ್ಬಾ ಯಾರಿಗೂ ಉತ್ತರ ಕೊಡಲಿಲ್ಲ. ಹೆಸರು ಬರೆಯಲೂ ಬಾರದ ಆ ಮನುಷ್ಯನಿಗೆ ಗಂಡಸುತನವೆಂಬುದು ಯೋಚಿಸಬೇಕಾದ ವಿಷಯವೇ ಆಗಿರಲಿಲ್ಲ. ನಾನು ಗರಡಿ ಬಿಟ್ಟದ್ದು ಆಗ. ಕಥೆಯನ್ನೂ ನಾಲ್ಕು ವರ್ಷ ಬರೆಯಲಾಗಲಿಲ್ಲ.

ಇಮಾಮ್ ಗಜಾಲಿಯವರು ಶಿಷ್ಯನೊಬ್ಬನಿಗೆ ಬರೆದ ಚಿಕ್ಕ ಪುಸ್ತಕವೊಂದರಲ್ಲಿ ಒಂದು ಉಪಮೆ ಬರುತ್ತದೆ. ಕಾಡಿನಲ್ಲಿ ಹೋಗುತ್ತಿರುವ ಶೂರನೊಬ್ಬನ ಬಳಿ ಹತ್ತು ಹಿಂದೂಸ್ತಾನಿ ಖಡ್ಗಗಳಿವೆ. ಸಿಂಹ ಎದುರಾಗುತ್ತದೆ. ಅವನು ಖಡ್ಗವನ್ನು ಬಳಸದೆ ಹೊತ್ತುಕೊಂಡೇ ನಿಂತರೆ ಅವು ಅವನನ್ನು ಕಾಯುತ್ತವೆಯೇ? ಇಲ್ಮ್ ಇದ್ದೂ ಅಮಲ್ ಇಲ್ಲದವನ ಸ್ಥಿತಿ ಅದೇ ಎನ್ನುತ್ತಾರೆ ಅವರು. ಉರ್ದುವಿನಲ್ಲಿ ಅಮಲ್ ಎಂದರೆ ಆಚರಣೆ, ಕೃತಿ. ಕನ್ನಡದಲ್ಲಿ ಅಮಲು ಎಂದರೆ ನಶೆ. ಎರಡು ಭಾಷೆಗಳಲ್ಲಿ ಓದಿದ ನನ್ನಲ್ಲಿ ಇಲ್ಮ್ ಕೃತಿಯಾಗುವ ಬದಲು ನಶೆಯಾಗಿ ಇಳಿಯಿತು. ಪ್ರವಾದಿಯವರು ರುಕಾನಾ ಎಂಬ ಹೆಸರಾಂತ ಮಲ್ಲನನ್ನು ಕುಸ್ತಿಯಲ್ಲಿ ಕೆಡವಿದರೆಂದು ನಮ್ಮ ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದೇ ಪ್ರವಾದಿಯವರು, ಬಲಶಾಲಿ ಎಂದರೆ ಕುಸ್ತಿಯಲ್ಲಿ ಗೆದ್ದವನಲ್ಲ, ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದುಕೊಂಡವನು ಎಂಬರ್ಥದ ಮಾತು ಹೇಳಿದ್ದಾರೆ. ಮಲ್ಲನನ್ನು ಕೆಡವಬಲ್ಲವರು ಈ ಮಾತು ಹೇಳಿದ್ದಾರೆಂಬುದು ಗಮನಿಸಬೇಕಾದ್ದು. ಕುಸ್ತಿ ಬಾರದವನು ಹೇಳಿದ್ದರೆ ಅದು ಕೈಲಾಗದವನ ಸಮಾಧಾನದಂತೆ ಕೇಳಿಸುತ್ತಿತ್ತು. ನಮ್ಮ ರಾಮಾಚಾರಿಯ ಕಥೆಯಾದರೂ ಏನು? ಆ ಸಿಟ್ಟಿಗೆ ಕೊನೆಗೆ ಬಲಿಯಾದದ್ದು ಅವನನ್ನು ಮಗನಂತೆ ಕಂಡ ಚಾಮಯ್ಯ ಮೇಷ್ಟರು, ಅವನು ಪ್ರೀತಿಸಿದ ಹೆಣ್ಣು ಮತ್ತು ಅವನು. ಶತ್ರುಗಳಾರೂ ಅಲ್ಲ.

2016ರಲ್ಲಿ ಅಬ್ಬಾನಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ತೊದಲತೊಡಗಿತು. ಆಸ್ಪತ್ರೆಯಿಂದ ಮನೆಗೆ ತಂದ ಮೊದಲ ದಿನ ಅವರನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸಬೇಕಾಗಿತ್ತು. ಅವರ ತೂಕ ಐವತ್ತೈದು ಕಿಲೋ ಇದ್ದಿರಬಹುದು. ನಾನು ಕಂಕುಳಿಗೆ ಕೈಕೊಟ್ಟು ಒಂದೇ ಸಲ ಎತ್ತಲು ಹೋದೆ. ಅವರು ನೋವಿನಿಂದ ಕಿರುಚಿದರು. ಗಾಬರಿಯಾಗಿ ಬಿಟ್ಟೆ, ಅವರು ಅರ್ಧ ಹಾಸಿಗೆಯಲ್ಲಿ ಅರ್ಧ ಹೊರಗೆ ಜೋತುಬಿದ್ದರು. ಮಂಡಿಯ ಹಮಾಲಿಯ ಮಗ, ನೂರು ಕಿಲೋ ಎತ್ತಿದವನು, ಒಬ್ಬ ಮನುಷ್ಯನನ್ನು ಎತ್ತಲು ಬಾರದೆ ನಿಂತಿದ್ದೆ. ಕಬ್ಬಿಣಕ್ಕೆ ನೋವಾಗುವುದಿಲ್ಲ, ನಾಚಿಕೆಯಾಗುವುದಿಲ್ಲ. ಹಾಗಾಗಿ ಅದನ್ನು ಎತ್ತುವುದು ಸುಲಭ.

ತಂಗಿ ಆಗ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ರಜೆ ಹಾಕಿ ಬಂದಳು. ನನ್ನನ್ನು ನೋಡಿ, "ಅದು ಚೀಲ ಅಲ್ಲ ಭಾಯಿ" ಎಂದಳು. ಆಮೇಲೆ ಕಲಿಸಿದಳು. ಮೊದಲು ಹತ್ತಿರ ಹೋಗು, ದೂರ ನಿಂತು ಎಳೆಯಬೇಡ. ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ಅವರನ್ನು ನಿನ್ನ ಎದೆಗೆ ಒರಗಿಸಿಕೋ. ಎತ್ತುವ ಮೊದಲು ಅವರಿಗೆ ಹೇಳು, ಒಂದು ಎರಡು ಮೂರು ಅನ್ನು. ಅವರ ಎಡಗಾಲಿನಲ್ಲಿ ಶಕ್ತಿಯಿದೆ, ಅದಕ್ಕೂ ಕೆಲಸ ಕೊಡು, ಇಲ್ಲದಿದ್ದರೆ ತಾನು ಬರೀ ಹೊರೆ ಅನ್ನಿಸಿಬಿಡುತ್ತದೆ ಅವರಿಗೆ. ಎತ್ತಿದ್ದಕ್ಕಿಂತ ನಿಧಾನವಾಗಿ ಇಳಿಸು. ಇದರಲ್ಲಿ ಅರ್ಧ ಉಸ್ತಾದರು ಹೇಳಿಕೊಟ್ಟಿದ್ದೇ ಆಗಿತ್ತು. ಭಾರ ಮೈಗೆ ಹತ್ತಿರವಿರಲಿ, ಬೆನ್ನು ನೆಟ್ಟಗಿರಲಿ ಎಂದು ಅವರೂ ಹೇಳುತ್ತಿದ್ದರು. ಭಾರ ಎತ್ತುವ ಸ್ಪರ್ಧೆಯಲ್ಲೂ ತಲೆಯ ಮೇಲೆತ್ತಿದ ಕೂಡಲೇ ಗೆದ್ದಂತಲ್ಲ, ಅಲುಗಾಡದೆ ನಿಂತು ತೀರ್ಪುಗಾರ ಇಳಿಸೆಂದು ಸನ್ನೆ ಮಾಡುವವರೆಗೆ ಕಾಯಬೇಕು. ಆದರೆ ಎತ್ತುವ ಮುನ್ನ ಹೇಳು, ಅವರ ಕಾಲಿಗೂ ಕೆಲಸ ಕೊಡು ಎಂಬ ಉಳಿದರ್ಧ ನನಗೆ ಗರಡಿಯಲ್ಲೂ ಸಿಕ್ಕಿರಲಿಲ್ಲ, ಕಪಾಟಿನಲ್ಲೂ ಸಿಕ್ಕಿರಲಿಲ್ಲ. ಬೇಡವೆಂದು ನಾನು ಕೈಯೆತ್ತಿದ್ದ ಓದಿನಿಂದ ಅವಳು ಅದನ್ನು ತಂದಿದ್ದಳು.

ಎರಡನೆಯ ಸಲ ಅಬ್ಬಾ ನನ್ನ ಎದೆಗೆ ಒರಗಿ, ಎಡಗಾಲೂರಿ ಎದ್ದು, ಕುರ್ಚಿಯಲ್ಲಿ ಕೂತರು. ಸ್ವಲ್ಪ ಸುಧಾರಿಸಿಕೊಂಡು, ಸೊಟ್ಟಗಾದ ಬಾಯಲ್ಲಿ ಏನೋ ಅಂದರು. ತಂಗಿಗೆ ಅರ್ಥವಾಯಿತು, ನಕ್ಕಳು. "ಮಜೂರಿ ಎಷ್ಟು ಅಂತ ಕೇಳ್ತಿದ್ದಾರೆ" ಎಂದಳು. ಅದಾದ ಮೇಲೆ ಹನ್ನೊಂದು ತಿಂಗಳು ಅವರಿದ್ದರು. ದಿನಕ್ಕೆ ಆರೇಳು ಸಲ ಎತ್ತಿ ಇಳಿಸುತ್ತಿದ್ದೆವು, ನಾನು, ನನ್ನ ಹೆಂಡತಿ, ರಜೆಯಲ್ಲಿ ತಂಗಿ. ಒಂದು ರಾತ್ರಿ ಅಬ್ಬಾನ ಹಾಸಿಗೆಯ ಬಟ್ಟೆ ಹಿಂಡುತ್ತಿದ್ದಾಗ ಆ ಹಳೆಯ ಏಟಿಗೆ ತಂಗಿಯ ಕ್ಷಮೆ ಕೇಳಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. "ಅಬ್ಬಾ ಎದ್ದಿದ್ದಾರೆ, ಬಿಸಿನೀರು ತಗೊಂಡು ಬಾ" ಎಂದಳು. ಅವಳು ಆ ವಿಷಯ ಎತ್ತಲೇ ಇಲ್ಲ. ಕೆಲವು ಭಾರಗಳನ್ನು ಇನ್ನೊಬ್ಬರು ಬಂದು ನಮ್ಮ ಹೆಗಲಿಂದ ಇಳಿಸಲಿ ಎಂದು ಕಾಯುವುದು ಸರಿಯಲ್ಲವೆಂದು ನಾನೂ ಸುಮ್ಮನಾದೆ.

ಹಾಗಾದರೆ ಮಗನಿಗೆ ಏನು ಹೇಳಲಿ? ಅವನು ಅಪಾಯದ ಹಾದಿಯಲ್ಲಿದ್ದಾನೆಂದು ನಾನು ಭಾವಿಸುವುದಿಲ್ಲ. ಜಿಮ್ಮಿಗೆ ಹೋಗುವುದು ಬೀದಿ ಸುತ್ತುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಎಷ್ಟು ಬೆಳೆದರೂ ಸಾಲದೆನ್ನಿಸುವ, ಕನ್ನಡಿಯಲ್ಲಿ ತಾನು ಸಣಕಲನಂತೆಯೇ ಕಾಣುವ ಒಂದು ಬಗೆಯ ಕಾಯಿಲೆಯನ್ನು ಅಮೆರಿಕದ ಹ್ಯಾರಿಸನ್ ಪೋಪ್ ಮುಂತಾದ ಮನೋವೈದ್ಯರು 1990ರ ದಶಕದಲ್ಲಿಯೇ ಗುರುತಿಸಿದ್ದಾರೆ. ಬೇಗ ಮೈ ಬರಲೆಂದು ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವ ಹುಡುಗರಿಗೆ ಹೃದಯ, ಯಕೃತ್ತು ಕೆಡುವುದಲ್ಲದೆ, ವೃಷಣ ಕುಗ್ಗಿ ಮಕ್ಕಳಾಗುವ ಶಕ್ತಿಯೇ ಕುಂದಬಹುದು. ಗಂಡಸಾಗಿ ಕಾಣಲು ಹೋಗಿ ಗಂಡಸಿನ ದೇಹವನ್ನೇ ಕೆಡಿಸಿಕೊಳ್ಳುವ ಈ ದಾರಿಯನ್ನು ಅವನಿಗೆ ಬಿಡಿಸಿ ಹೇಳಿದ್ದೇನೆ. ಪುಡಿಗೆ ದುಡ್ಡು ಕೊಡಲಿಲ್ಲ. ಮೊಟ್ಟೆ, ಹೆಸರುಕಾಳು, ನಮ್ಮ ಜಿಲ್ಲೆಯಲ್ಲೇ ಬೆಳೆಯುವ ಕಡಲೆಕಾಯಿ ಮೂರು ಸಾವಿರಕ್ಕೆ ಎಷ್ಟು ಬರುತ್ತದೆಂದು ಲೆಕ್ಕ ಹಾಕಿ ತೋರಿಸಿದೆ. ಅವನಿಗೆ ಸಮಾಧಾನವಾಗಲಿಲ್ಲ.

ಅವನ ಮುಖ್ಯ ಪ್ರಶ್ನೆಗೆ ಮಾತ್ರ ಇಲ್ಲಿ ಉತ್ತರಿಸುತ್ತಿದ್ದೇನೆ. ಇಲ್ಲ ಬೇಟಾ, ಕಥೆ ಬರೆಯುವ ಹುಚ್ಚಿಗಾಗಿ ಗರಡಿ ಬಿಡಲಿಲ್ಲ. ನನ್ನ ಕೈ ಏನು ಮಾಡಿತೋ ಅದನ್ನು ನೋಡಿ ಹೆದರಿ ಬಿಟ್ಟೆ. ಬಿಟ್ಟದ್ದೂ ತಪ್ಪೇ ಇರಬೇಕು, ಯಾಕೆಂದರೆ ಕೈಯದೇನೂ ತಪ್ಪಿರಲಿಲ್ಲ. ನೀನು ಕಬ್ಬಿಣ ಎತ್ತು, ಪುಸ್ತಕವನ್ನೂ ಎತ್ತು. ದಿನಕ್ಕೆ ಇದಕ್ಕೆಷ್ಟು ಗಂಟೆ, ಅದಕ್ಕೆಷ್ಟು ಗಂಟೆ ಎಂಬ ಲೆಕ್ಕ ನನಗೆ ಗೊತ್ತಿಲ್ಲ. ಯಾರಿಗಾಗಿ ಎಂದು ಆಗಾಗ ಕೇಳಿಕೊಂಡರೆ ಸಾಕು. ಕೂಲಿಯಿಲ್ಲದ ಭಾರ ಎತ್ತುವುದು ತಪ್ಪಲ್ಲ, ನಿನ್ನ ದಾದಾ ಆ ವಿಷಯದಲ್ಲಿ ಸ್ವಲ್ಪ ಅವಸರಪಟ್ಟರು. ಮುಂದೊಂದು ದಿನ ಕೂಲಿ ಕೇಳದೆ ಎತ್ತಬೇಕಾದ ಭಾರಗಳು ಎದುರಾಗುತ್ತವೆ, ಆಗ ತೋಳಿನಲ್ಲಿ ಶಕ್ತಿಯಿರಬೇಕು, ಎತ್ತುವ ಮೊದಲು ಎದುರಿನವರ ಮುಖ ನೋಡುವಷ್ಟು ತಿಳುವಳಿಕೆಯೂ ಇರಬೇಕು.

ಇದನ್ನು ಅಚ್ಚಿಗೆ ಕಳಿಸುವ ಮೊದಲು ತಂಗಿಗೆ ಫೋನು ಮಾಡಿ ಓದಿ ಹೇಳಿದೆ. ಕಪಾಳಕ್ಕೆ ಹೊಡೆದ ಭಾಗ ಬಂದಾಗ ಅವಳು ಏನೂ ಮಾತಾಡಲಿಲ್ಲ. ಮುಗಿದ ಮೇಲೆ, "ಹಾಕು. ನನ್ನ ಹೆಸರು ಬೇಡ. ಹುಡುಗನಿಗೆ ಮಾತ್ರ ಪತ್ರಿಕೆ ಬರೋದಕ್ಕೆ ಮುಂಚೆ ನೀನೇ ಹೇಳು" ಎಂದಳು. ಇವತ್ತು ಸಂಜೆ ಅವನು ಜಿಮ್ಮಿನಿಂದ ಬಂದ ಮೇಲೆ ಹೇಳಬೇಕು.